ಪದ್ಮಾವತಿಯ ಸಾಕ್ಷಿ

ಚಾಂದ್‌ಖೇಡಾ, ಅಹಮದಾಬಾದ್
14 ಫೆಬ್ರವರಿ 1996

ಪ್ರೀತಿಯ ಶಾಂತಾ,

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಬೈದುಕೊಂಡಿರುತ್ತೀ, ಬೈಯಿ. ವಿಚಾರಣೆ ಮುಗಿಯುವವರೆಗೆ ಬಾಯಿ ಬಿಡುವಂತಿರಲಿಲ್ಲ. ಸಂಕ್ರಾಂತಿ ಕಳೆದು ಆದೇಶ ಬಂತು. ಗೆದ್ದೆವು ಶಾಂತಾ!

ಕಾರ್ಖಾನೆಗಳ ಗ್ಯಾಸ್ ಸಿಲಿಂಡರ್ ಪರೀಕ್ಷಿಸಿ ಒಪ್ಪಿಗೆ ಕೊಡುವುದು ನಮ್ಮ ಕಚೇರಿಯ ಕೆಲಸ. ಕಚೇರಿಯವರ ಮೇಲೆ ಕಣ್ಣಿಡುವ ವಿಜಿಲೆನ್ಸ್ ಕೆಲಸ ನನ್ನದು. ಕಳೆದ ಮಳೆಗಾಲದಲ್ಲಿ ನರೋಡಾದಲ್ಲಿ ಒಂದು ಸಿಲಿಂಡರ್ ಸಿಡಿದು ಜಸವಂತಭಾಯಿ ಎಂಬ ವೆಲ್ಡರ್‌ನ ಎರಡೂ ಕೈ ಸುಟ್ಟವು. ಅದನ್ನು ಪಾಸು ಮಾಡಿದ್ದವರು ನಮ್ಮ ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನ, ಹುಬ್ಬಳ್ಳಿಯವರು. ಅದನ್ನು ತಯಾರಿಸಿದ ಕಾರ್ಖಾನೆಯ ಪಾಲುದಾರಳು ಅವರ ಹೆಂಡತಿ ಪದ್ಮಾವತಿ! ಮನೆಯವರ ವ್ಯಾಪಾರವಿದ್ದರೆ ತಿಳಿಸಬೇಕು, ಅಲ್ಲಿಯ ತಪಾಸಣೆಗೆ ಹೋಗಬಾರದು ಎಂಬುದು ನಿಯಮ. ಅವರು ತಿಳಿಸಿರಲಿಲ್ಲ, ಹೋಗುವುದನ್ನೂ ಬಿಟ್ಟಿರಲಿಲ್ಲ.

ನಾನು ಕೇಸು ಹಾಕಿದಾಗ ಇಲ್ಲಿಯ ಕನ್ನಡದವರೆಲ್ಲ ಮುನಿಸಿಕೊಂಡರು. ಪದ್ಮಾವತಿ ಮನೆಗೇ ಬಂದು ಅತ್ತಳು. “ಅಕ್ಕಾ, ಪರದೇಶದಾಗ ನಮ್ಮ ಮಂದೀನ ನಾವ ಹಿಡಿದು ಕೊಟ್ರ ಹೆಂಗ್ರೀ?”

ನಾನು ವಾದಿಸಲಿಲ್ಲ. “ಒಮ್ಮೆ ಜಸವಂತಭಾಯೀನ್ನ ನೋಡಿ ಬಾ,” ಎಂದೆ.

ಹೋದಳಂತೆ. ಅವನ ಹೆಂಡತಿ ಅವನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳಂತೆ.

ಇಲಾಖೆಯ ವಿಚಾರಣೆ ವಡೋದರಾದಲ್ಲಿ. ಕಾರ್ಖಾನೆ ಹೆಂಡತಿಯ ವ್ಯವಹಾರ, ತನಗೇನೂ ಗೊತ್ತಿಲ್ಲ ಎಂದರು ಮಲ್ಲಿಕಾರ್ಜುನ. ಸಾಕ್ಷಿಗೆ ಬಂದಿದ್ದ ಪದ್ಮಾವತಿ ಎದ್ದು ನಿಂತಳು. ಹರುಕು ಹಿಂದಿಯಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದಳು: “ಆ ಕಾರ್ಖಾನೆ ನಾ ಕಣ್ಣಿಲೆ ಕಂಡಿಲ್ರೀ. ಸಹಿ ಹಾಕು ಅಂದ್ರು, ಹಾಕೀನಿ. ನಡಸೋರು ಇವರ.”

ಅವರು ವಜಾ ಆದರು. ಸೂರತ್‌ವರೆಗೂ ಹೋಗಿದ್ದ ಆ ಕಾರ್ಖಾನೆಯ ಸಿಲಿಂಡರುಗಳನ್ನೆಲ್ಲ ವಾಪಸ್ ತರಿಸಿದೆವು. ಇನ್ನು ಪ್ರತಿಯೊಬ್ಬ ನೌಕರನೂ ಮನೆಯವರ ಉದ್ಯೋಗ, ವ್ಯಾಪಾರ ಬರೆದುಕೊಡಲೇಬೇಕು. ಸುದ್ದಿ ಹೇಳಲು ಹೋದಾಗ ಜಸವಂತಭಾಯಿ, “ಬಹು ಸಾರುಂ ಥಯುಂ, ಬೆನ್,” ಬಹಳ ಒಳ್ಳೆಯದಾಯಿತು ಅಕ್ಕಾ, ಎಂದು ಬಾಗದ ಬೆರಳುಗಳನ್ನೇ ಜೋಡಿಸಿ ಕೈ ಮುಗಿದ. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಈಗ ಸೂರತ್‌ನಲ್ಲಿ ತನ್ನ ತಂಗಿಯ ಮನೆಯಲ್ಲಿರುವ ಪದ್ಮಾವತಿಯೂ ಫೋನ್ ಮಾಡಿದ್ದಳು: “ಈಗ ನಿದ್ದಿ ಬರಾಕ್ಹತ್ತೇತ್ರೀ ಅಕ್ಕಾ.”

ಭಾವನವರಿಗೆ ನಮಸ್ಕಾರ. ಮನಸ್ವಿನಿ ಪರೀಕ್ಷೆ ಚೆನ್ನಾಗಿ ಬರೆಯಲಿ. ಅವಳ ತಲೆಯ ಮೇಲೆ ನನ್ನ ಕೈ ಇದೆ ಎಂದು ಹೇಳು.

ನಿನ್ನ
ವೇದಾ

ತಾ.ಕ.: ಹೊಸ ಆದೇಶದಂತೆ ಮೊದಲು ಬರೆದುಕೊಟ್ಟವಳು ನಾನೇ. ನನ್ನ ಕಿರಣ್ ಹೋದ ವರ್ಷ ಸೇರಿದ ಕಂಪನಿಯೂ ನಮ್ಮ ತಪಾಸಣೆಗೆ ಬರುತ್ತದೆ. ಆ ಕೆಲಸ ಬಿಡು ಎಂದೆ. ಎದುರು ಮಾತಾಡದೆ ಬಿಟ್ಟ. ಅಂದಿನಿಂದ ಮಗ ನನ್ನನ್ನು ಅಮ್ಮಾ ಎಂದಿಲ್ಲ. ಊಟಕ್ಕೆ ಕರೆದರೆ ಒಳಗಿನಿಂದ ಹಿಂದಿಯಲ್ಲಿ ಹೇಳುತ್ತಾನೆ: “ಆ ರಹಾ ಹೂಂ, ಮೇಡಂ.”