ಎರಡು ನಿಮಿಷ ಕೊಡದ ತಪ್ಪಿಗೆ

ತುಮಕೂರು
ಶುಕ್ರವಾರ

ರೇಣು,

ನಿನ್ನೆ ಸತ್ಯಮಂಗಲದಲ್ಲಿ ನಿನ್ನ ಕಾರ್ಖಾನೆಯ ಗೇಟಿನೆದುರು ನಿಂತಿದ್ದವಳು ನಾನೇ. ನೀನು ನೋಡಿದೆ. ಬೈಕ್ ನಿಧಾನ ಮಾಡಿದೆ, ಒಂದು ಕಾಲು ನೆಲಕ್ಕೂರಿದೆ, ಆಮೇಲೆ ಏನೆನ್ನಿಸಿತೋ, ಹೊರಟುಹೋದೆ. ನಾನೂ ಬಾಯಿ ತೆರೆಯಲಿಲ್ಲವಲ್ಲ. ಸೋಮವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನೂ ಅಂಗಡಿಯ ಕೌಂಟರ್ ಮುಂದೆ ನಿಂತುಕೊಂಡೇ ಬರೆಯುತ್ತಿದ್ದೇನೆ.

ಸೋಮವಾರ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ತಂದಳು. "ಆನ್ ಆಗ್ತಿಲ್ಲ ಅಕ್ಕ. ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು" ಅಂದಳು. ತಿರುಗಿಸಿ ನೋಡಿದರೆ ಕೆಳಗೆ ನಮ್ಮ ಅಂಗಡಿಯ ಹಳೇ ಸ್ಟಿಕ್ಕರ್. ಅದರ ಮೇಲೆ ನಿನ್ನ ಕೈಬರಹದ ತಾರೀಕು. ಹೆಸರು ಕೇಳಿದೆ. ಮಾನಸಾ, ಗುಬ್ಬಿಯ ಪುಟ್ಟರಂಗಯ್ಯ ಮೇಷ್ಟ್ರ ಮೊಮ್ಮಗಳು. ಅಲ್ಲೇ ಸ್ಕ್ರೂ ಬಿಚ್ಚಿದೆ.

ನಾಲ್ಕು ವರ್ಷದ ಹಿಂದೆ ಇದೇ ಲ್ಯಾಪ್‌ಟಾಪ್ ಹಿಡಿದುಕೊಂಡು ಮೇಷ್ಟ್ರು ಕೂಗಾಡಿದ್ದು ನೀನು ಮರೆತಿರಲಾರೆ. ಸತ್ತುಹೋಗಿದ್ದ ಅದನ್ನು ನೀನೇ ಎಬ್ಬಿಸಿ ಕಳಿಸಿದ್ದೆ. ಮಾರನೆಯ ದಿನ ವಾಪಸ್ ತಂದರು. ಎರಡು ರ್‍ಯಾಮ್ ಮೆಮೊರಿ ಪಟ್ಟಿ ಇರುವ ಕಡೆ ಒಂದೇ ಕೆಲಸ ಮಾಡುತ್ತಿತ್ತು. "ಚೆನ್ನಾಗಿರೋದನ್ನ ಕಿತ್ಕೊಂಡು ಕೆಟ್ಟಿರೋದನ್ನ ಹಾಕವ್ರೆ! ನಿಮ್ಮ ಹುಡುಗ ಕಳ್ಳ!" ಅಂದರು. ರಸ್ತೆಯಲ್ಲಿ ಜನ ನಿಂತರು. ಪಕ್ಕದ ಜೆರಾಕ್ಸ್ ಅಂಗಡಿಯ ಗುಂಡಯ್ಯನವರೂ ಬಂದು ಇಣುಕಿದರು. ನೀನು ಮೆಲ್ಲಗೆ ಹೇಳಿದೆ: "ಎರಡು ನಿಮಿಷ ಕೊಡು ಮಧು. ಅದನ್ನ ಇನ್ನೊಂದು ಸ್ಲಾಟಿಗೆ ಹಾಕಿ ನೋಡ್ತೀನಿ."

ನಾನು ಕೊಡಲಿಲ್ಲ. ಹೊಸ ಅಂಗಡಿ, ಇಬ್ಬರೂ ಸೇರಿ ಬೋರ್ಡು ಬರೆಸಿ ಆರು ತಿಂಗಳೂ ಆಗಿರಲಿಲ್ಲ. ಹೆಸರು ಕೆಡುತ್ತದೆಂದು ಹೆದರಿದೆ. "ಬ್ಯಾಗ್ ತೆಗಿ ರೇಣು, ಎಲ್ರೂ ನೋಡ್ಲಿ" ಅಂದೆ.

ನೀನು ಒಂದೊಂದಾಗಿ ತೆಗೆದು ಕೌಂಟರ್ ಮೇಲಿಟ್ಟೆ. ಊಟದ ಡಬ್ಬಿ, ಟವೆಲ್, ಅಮ್ಮನ ಬಿ.ಪಿ. ಮಾತ್ರೆ. ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದೆ. "ಸಾಕಾ?" ಅಂದೆ, ಅಷ್ಟೇ. ಮೇಷ್ಟ್ರು ಲ್ಯಾಪ್‌ಟಾಪ್ ಕಿತ್ತುಕೊಂಡು ಹೋದರು. ನೀನೂ ಹೋದೆ. ನಾನು ಫೋನ್ ಮಾಡಲಿಲ್ಲ. ಏನೂ ಸಿಗದಿದ್ದರೂ ಮನಸ್ಸಿನ ಮೂಲೆಯಲ್ಲಿ ಅನುಮಾನ ಉಳಿಸಿಕೊಂಡೆ. ಅನುಮಾನ ಇದ್ದರೆ ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾಗುತ್ತಿರಲಿಲ್ಲ, ನೋಡು.

ಸೋಮವಾರ ಎರಡೂ ರ್‍ಯಾಮ್ ಹೊರತೆಗೆದೆ. ಇಷ್ಟು ವರ್ಷ ಕೆಲಸ ಮಾಡಿದ್ದು ಈಗ ಸತ್ತಿತ್ತು. ಆ ದಿನ ಕೆಟ್ಟದ್ದೆಂದು ಬೈಸಿಕೊಂಡದ್ದನ್ನು ಒರೆಸಿ ಮೊದಲ ಸ್ಲಾಟಿಗೆ ಹಾಕಿದೆ. ಸ್ಕ್ರೀನ್ ಬೆಳಗಿತು. ಒಳ್ಳೆಯ ರ್‍ಯಾಮ್ ರೇಣು, ಒಂದೂ ಕೊರತೆಯಿಲ್ಲ. ಎರಡನೇ ಸ್ಲಾಟಿಗೆ ಹೊಚ್ಚ ಹೊಸದನ್ನು ಹಾಕಿದರೂ ಅದು ಉಸಿರೆತ್ತಲಿಲ್ಲ. ಸ್ಲಾಟಿನ ಬೆಸುಗೆಯೇ ಬಿರುಕು ಬಿಟ್ಟಿತ್ತು. ಮಾನಸಾ "ಸರಿಹೋಯ್ತಾ ಅಕ್ಕ?" ಎಂದು ಖುಷಿಯಿಂದ ಕೇಳಿದಳು. ನಾನು ಗಡಿಯಾರ ನೋಡಿದೆ. ಎರಡು ನಿಮಿಷವೂ ಆಗಿರಲಿಲ್ಲ.

ಅವತ್ತೇ ಶಟರ್ ಎಳೆದು ಅವಳ ಜೊತೆಯಲ್ಲೇ ಗುಬ್ಬಿ ಬಸ್ಸು ಹತ್ತಿದೆ. ಮೇಷ್ಟ್ರಿಗೆ ಎಲ್ಲ ಬಿಚ್ಚಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಜನ ಸಿಕ್ಕಾಗೆಲ್ಲ ಈ ಕತೆ ಹೇಳಿದೀನಿ ಕಣಮ್ಮ. ಯಾರ್‍ಯಾರಿಗೆ ಹೇಳಿದೀನೋ ಲೆಕ್ಕವಿಲ್ಲ. ಈಗ ಎಲ್ಲರ ಹತ್ರ ಹೋಗಿ ನಂದೇ ತಪ್ಪು ಅನ್ಬೇಕಲ್ಲ" ಅಂದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ನನ್ನೆದುರೇ, ಪಕ್ಕದ ಮನೆಯಿಂದ ಶುರುಮಾಡಿದರು. ವಾಪಸ್ ಬಂದು ನಾನು ಗುಂಡಯ್ಯನವರಿಗೆ ಹೇಳಿದೆ. "ನಂಗೆ ಅವತ್ತೇ ಅನ್ನಿಸ್ತು. ಬಾಯಿ ಬಿಡ್ಬೇಕಿತ್ತು" ಎಂದು ತಲೆ ತಗ್ಗಿಸಿದರು.

ಬುಧವಾರ ಕುಣಿಗಲ್‌ಗೆ ಹೋಗಿ, ಅಲ್ಲಿಂದ ಕೊತ್ತಗೆರೆಯ ನಿಮ್ಮ ಮನೆಗೆ ಹೋದೆ. ನೀನು ಡ್ಯೂಟಿಗೆ ಹೋಗಿದ್ದೆ. ನಿನ್ನ ಅಮ್ಮ ಕಲ್ಲಮ್ಮ ನನ್ನನ್ನು ಕಂಡು ಎಷ್ಟು ಹಿಗ್ಗಿದರು! "ಅಂಗಡಿ ಮುಚ್ಚೋಯ್ತಂತಲ್ಲವ್ವ, ಪಾಪ" ಅಂದರು. ಆಗ ಗೊತ್ತಾಯಿತು, ನೀನು ಮನೆಯಲ್ಲಿ ಏನೂ ಹೇಳಿಲ್ಲವೆಂದು. ನನ್ನ ಮಾನ ಉಳಿಸಲು ನೀನು ಚಾಲೂ ಇರುವ ಅಂಗಡಿಯನ್ನೇ ಮಾತಿನಲ್ಲಿ ಮುಚ್ಚಿಬಿಟ್ಟಿದ್ದೆ. "ಈಗ ಪ್ಯಾಕಿಂಗ್ ಸೆಕ್ಷನ್‌ನಾಗವ್ನೆ. ಮನೇಲಿ ಮಿಕ್ಸಿ ಕೆಟ್ರೂ ಬಿಚ್ಚಾಕಿಲ್ಲ. ಏನಾಗದೋ ಏನೋ" ಅಂದರು.

ನಾನು ಹೇಳಿಬಿಟ್ಟೆ. ಬ್ಯಾಗ್ ತೆಗೆಸಿದ್ದನ್ನೂ, ಅವರ ಮಾತ್ರೆ ಎಲ್ಲರೆದುರು ಹೊರಬಿದ್ದದ್ದನ್ನೂ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕೊನೆಗೆ ಕೇಳಿದರು: "ಆ ಮಿಸೀನು ವಾಪಸ್ ಬರ್ದೇ ಇದ್ದಿದ್ರೆ, ನೀನು ಬತ್ತಿದ್ಯೇನವ್ವ?"

ರೇಣು, ಇಲ್ಲ. ಬರುತ್ತಿರಲಿಲ್ಲ.

ನಿನ್ನೆ ಗೇಟಿನಲ್ಲಿ ನನ್ನ ಬಾಯಿ ಕಟ್ಟಿದ್ದು ಇದೇ. ನೀನು ಕದ್ದಿಲ್ಲ ಅನ್ನುವುದು ಗೊತ್ತಾಯಿತು ಎಂದು ನಿನಗೇ ಬಂದು ಹೇಳಲು ಹೊರಟಿದ್ದೆ. ನಿನಗೆ ಅದು ಯಾವತ್ತೂ ಗೊತ್ತಿದ್ದ ವಿಷಯ! ಕಾಲೇಜಿನಿಂದ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ನಿನ್ನನ್ನು ನಂಬಲು ಬೆರಳುದ್ದದ ಹಸಿರು ಹಲಗೆಯ ಸಾಕ್ಷಿ ಬೇಕಾಯಿತು. ಅವತ್ತು ಪರೀಕ್ಷೆ ಮಾಡಲಿಲ್ಲವೆಂದು ಕ್ಷಮೆ ಕೇಳುತ್ತಿಲ್ಲ. ಪರೀಕ್ಷೆಯೇ ಬೇಡವೆಂದು ನಿನ್ನ ಪಕ್ಕ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದಕ್ಕೆ ಕೇಳುತ್ತಿದ್ದೇನೆ.

ಅಂಗಡಿಗೆ ಬಾ ಎಂದು ಕರೆಯುವುದಿಲ್ಲ, ಕರೆಯುವ ಮುಖ ನನಗಿಲ್ಲ. ಉತ್ತರವನ್ನೂ ಬೇಡುವುದಿಲ್ಲ. ಈ ಕಾಗದ ಕಲ್ಲಮ್ಮನ ಕೈಗೇ ಕೊಡುತ್ತೇನೆ. ಓದಿ ಸುಟ್ಟರೂ ಸರಿ, ಓದದೆ ಸುಟ್ಟರೂ ಸರಿ. ಆದರೆ ಒಂದು ದಿನ, ನನಗಾಗಿ ಅಲ್ಲ, ನಿನ್ನ ಅಮ್ಮನಿಗಾಗಿ, ಆ ಮಿಕ್ಸಿ ಬಿಚ್ಚು.

ನೀನು ಎಲ್ಲಿದ್ದರೂ ತಲೆಯೆತ್ತಿಕೊಂಡು ಇರು.

ನಿನ್ನ ಸ್ನೇಹಿತೆ ಎಂದು ಬರೆಯುವ ಹಕ್ಕು ಕಳೆದುಕೊಂಡ,
ಮಧುಶ್ರೀ