ಕೆಂಪಗಾದ ತಾಮ್ರದ ಹಾಳೆ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 9.15

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಲ್ಯಾಬಿಗೆ ಹೊಸ ಚಿಮಟ ಆಗಮಿಸಿದೆ! ಮೂರು ಅರ್ಜಿ, ಎರಡು ಸಹಿ, ಒಂದು ಜಗಳದ ಫಲ. ತುದಿ ನನ್ನ ಬುದ್ಧಿಗಿಂತ ಚೂಪು.

ಉಳಿದದ್ದು ಮಾಮೂಲು. ತಾಮ್ರದ ಹಾಳೆ ತಿಕ್ಕಿದೆ. ಸಾವಿರ ಡಿಗ್ರಿ ಫರ್ನೇಸ್, ಒಳಗೆ ಮೀಥೇನ್. ಬಿಸಿ ತಾಮ್ರ ತಾಕಿದರೆ ಮೀಥೇನ್ ಒಡೆಯುತ್ತದೆ. ಒಂಟಿಯಾದ ಇಂಗಾಲದ ಪರಮಾಣುಗಳು ಲೋಹದ ಮೇಲೆ ಅಲೆದು, ಕೈಕೈ ಹಿಡಿದು, ಜೇನುಗೂಡಿನಂತೆ ಒಂದೇ ಪದರದ ಗ್ರಾಫೀನ್ ಆಗಬೇಕು. ನನ್ನವೋ, ಬೀದಿ ಜಗಳ ನೋಡಲು ಸೇರುವ ಜನ! ಎಲ್ಲಿ ಗೀರೋ, ಎಲ್ಲಿ ಧೂಳೋ, ಅಲ್ಲೊಂದು ಗುಂಪು. ಸಾವಿರ ಪುಟಾಣಿ ಗುಂಪು, ಒಂದಕ್ಕೊಂದು ಹೊಂದುವುದಿಲ್ಲ. ಬೇಕಾದದ್ದು ಕೆಲವೇ ಗುಂಪು — ದೊಡ್ಡವು.

ಮಾರ್ಚ್ 5

ಗೈಡ್ ಮೇಡಂ ಕರೆದರು. "ನೋಡಮ್ಮ, ಹದಿನೈದಕ್ಕೆ ಕಮಿಟಿ. ಸಾಸಿವೆಕಾಳಿನಷ್ಟು ದೊಡ್ಡ ಗ್ರಾಫೀನ್ ಹರಳು ತೋರಿಸು, ಫರ್ನೇಸ್ ನಮ್ಮಲ್ಲೇ ಉಳಿಯುತ್ತೆ. ಇಲ್ಲಾಂದ್ರೆ ಪಕ್ಕದ ಲ್ಯಾಬಿಗೆ."

ಐದು ವರ್ಷದ ಪಿಎಚ್‌ಡಿ... ಒಂದು ಸಾಸಿವೆಕಾಳಿನ ಮೇಲೆ ನಿಂತಿದೆ.

ಮಾರ್ಚ್ 12. ಸಂಜೆ

ವಾರದಿಂದ ಬರೆದಿಲ್ಲ. ಎಂಟು ಹಾಳೆ, ಎಂಟೂ ಗೋವಿಂದ.

ನಮ್ಮ ಪರೀಕ್ಷೆ ಸುಲಭ. ಫರ್ನೇಸಿನಿಂದ ತೆಗೆದ ಹಾಳೆಯನ್ನು ಹಾಟ್‌ಪ್ಲೇಟಿನ ಮೇಲಿಡುವುದು. ಬರೀ ತಾಮ್ರ ಕೆಂಪಗಾಗುತ್ತದೆ. ಗ್ರಾಫೀನ್ ಹೊದ್ದ ಜಾಗ ಹೊಳೆಯುತ್ತಲೇ ಇರುತ್ತದೆ. ಇವತ್ತಿನ ಘನಕಾರ್ಯ: ಇನ್ನೂ ಫರ್ನೇಸಿನ ಮುಖವನ್ನೇ ಕಾಣದ ಹೊಸ ಹಾಳೆಯನ್ನು ತಪ್ಪಿ ಹಾಟ್‌ಪ್ಲೇಟಿನ ಮೇಲಿಟ್ಟೆ. ಅಷ್ಟರಲ್ಲಿ ಅಮ್ಮನ ಫೋನ್.

"ಇನ್ನೂ ಆ ತಗಡು ತಿಕ್ತಾನೇ ಇದೀಯಾ? ಮನೇಲಿ ಒಂದು ಲೋಟ ತಿಕ್ಕಿದವಳಲ್ಲ!"

ಇದು ಪೀಠಿಕೆ ಮಾತ್ರ. ಫೋನ್ ಇಟ್ಟಾಗ ಹಾಳೆ ಪೂರಾ ಕೆಂಪು.

"ಇದ್ದದ್ದು ಅದೊಂದೇ ತಾಯಿ," ಎಂದರು ಫರ್ನೇಸ್ ನೋಡಿಕೊಳ್ಳುವ ಕುಲುಮೆಯಣ್ಣ. "ಹೊಸದು ನಾಳೆ ಬರೋದು. ಸುಟ್ಟಿದ್ದನ್ನೇ ಹಾಕಿಬಿಡ್ಲಾ?"

"ಹಾಕಿ ಅಣ್ಣ. ಇನ್ನೇನು ಸುಡೋಕಿದೆ."

ಮಾರ್ಚ್ 13. 11.40

ನಿನ್ನೆ ಸುಟ್ಟ ಹಾಳೆ ಫರ್ನೇಸಿನಿಂದ ಬಂತು, ಪರೀಕ್ಷೆಯೂ ಆಯಿತು. ಕೆಂಪು ನೆಲದಲ್ಲಿ ಏಳೇ ಏಳು ಹೊಳೆಯುವ ಷಡ್ಭುಜ. ಬರಿಗಣ್ಣಿಗೆ! ಒಂದೊಂದೂ ಸಾಸಿವೆಗಿಂತ ದೊಡ್ಡದು. ಕುಲುಮೆಯಣ್ಣ ಕನ್ನಡಕ ಒರೆಸಿ ಒರೆಸಿ ನೋಡಿದರು.

ಮೇಡಂ ಕುರ್ಚಿ ಬಿಟ್ಟು ಎದ್ದರು. "ಆಕ್ಸಿಜನ್ ಕಣೇ! ಗುಂಪು ಸೇರೋ ಜಾಗಕ್ಕೆಲ್ಲ ಅದು ಮೊದಲೇ ಟವೆಲ್ ಹಾಕಿದೆ. ಇಂಗಾಲಕ್ಕೆ ಸೀಟಿಲ್ಲ. ಸಿಕ್ಕ ನಾಲ್ಕಾರು ಕಡೆಯೇ ಎಲ್ಲಾ ಹೋಗಿ ಸೇರಿವೆ." ಆಮೇಲೆ, ತಣ್ಣಗೆ: "ಎಷ್ಟು ನಿಮಿಷ ಸುಟ್ಟೆ?"

ಮರೆತದ್ದಕ್ಕೆ ಗಡಿಯಾರ ಇಡುವವರು ಯಾರು?

"ಮತ್ತೆ ಮಾಡಿ ತೋರಿಸದಿದ್ರೆ ಕಮಿಟಿ ಒಪ್ಪಲ್ಲಮ್ಮ."

ಮೆಟ್ಟಿಲ ಮೇಲೆ ಕೂತು ಅಳಲು ಸಿದ್ಧಳಾದೆ. ಆಗ ಹೊಳೆಯಿತು. ಫೋನ್ ತೆಗೆದೆ. 'ಅಮ್ಮ — 38 ನಿಮಿಷ.'

ವಿಜ್ಞಾನಕ್ಕೆ ಹೊಸ ಮಾನ: ಅಮ್ಮನ ಒಂದು ಬೈಗುಳ.

ಮಾರ್ಚ್ 14

ಹೊಸ ಹಾಳೆ. 38 ನಿಮಿಷ. ಐದು ಷಡ್ಭುಜ! ಅಮ್ಮನಿಗೆ ಹೇಳಿದೆ. "ಮತ್ತೆ? ಬೈದರೆ ಒಳ್ಳೇದೇ ಆಗೋದು," ಎಂದಳು.

ಮಾರ್ಚ್ 15. ಮಧ್ಯಾಹ್ನ 3.45

ಕಮಿಟಿ ನೋಡಿತು. ಗೊಣಗಿತು. ಸೋಮವಾರದೊಳಗೆ ಇನ್ನೊಂದು ಸಲ ಷಡ್ಭುಜ ಬಂದರೆ ಫರ್ನೇಸ್ ನಮ್ಮದೇ. ಮೂರನೇ ಹಾಳೆ 3.30ರಿಂದ ಹಾಟ್‌ಪ್ಲೇಟಿನ ಮೇಲಿದೆ. ಈಗ ಸಹಿಗೆ ಮಹಡಿಗೆ ಕರೆಯುತ್ತಿದ್ದಾರೆ, ಕುಲುಮೆಯಣ್ಣ ಸಿಲಿಂಡರ್ ತರಲು ಹೋಗಿದ್ದಾರೆ. ದಿನಚರಿ ಇಲ್ಲೇ ತೆರೆದಿಡುತ್ತೇನೆ. ಫೋನೂ ಪಕ್ಕದಲ್ಲೇ, ಅಲಾರಂ ಇಟ್ಟು.

ಇದನ್ನು ಓದುತ್ತಿರುವವರೇ — ಓದಬಾರದಿತ್ತು, ಆ ವಿಚಾರ ಆಮೇಲೆ — 4.08ಕ್ಕೆ ಸರಿಯಾಗಿ ಹಾಳೆ ಎತ್ತಿಡಿ. ಹೊಸ ಚಿಮಟದಲ್ಲಿ. ಅಂಚು ಮಾತ್ರ ಹಿಡಿದು. ಅಷ್ಟರಲ್ಲಿ ಅಮ್ಮನ ಫೋನ್ ಬಂದರೆ ದಯವಿಟ್ಟು—