ವಾಸನೆಯ ವಿರುದ್ಧ ನನ್ನ ಭಾಷಣ

ಮಂಗಳವಾರ, ಜೂನ್ ೧೧

ನಾನು ಓದಲು ಕೂರುವ ಕಿಟಕಿಯ ಕೆಳಗೇ ಪಾರ್ಸೆಲ್ ಊಟದ ಅಂಗಡಿ ಬರುತ್ತದಂತೆ. ಇನ್ನು ಕವಿತೆ ಓದಿದ ಹಾಗೆಯೇ! ಬೇಡವೆನ್ನಲು ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಸೇರಿದೆವು. ಕಟ್ಟಡದ ಮಾಲೀಕರೂ ಬಂದಿದ್ದರು.

"ಎಂಎ ಓದಿದೋರು ನೀವು. ವಾಸನೆ ಎಷ್ಟು ಕಾಟ ಕೊಡುತ್ತೆ ಅಂತ ನೀವೇ ಹೇಳಿ ಅಕ್ಕಾ," ಎಂದಳು ಪಕ್ಕದ ಮನೆಯ ಟೈಲರ್.

ಹೇಳಿದೆ. ಕಾದ ಎಣ್ಣೆಗೆ ಬೀಳುವ ಬೆಳ್ಳುಳ್ಳಿ, ಮೆಲ್ಲಗೆ ಕೆಂಪಾಗುವ ಈರುಳ್ಳಿ, ತಣ್ಣನೆಯ ಸಂಜೆ ಆ ಘಮ ಮನೆಯೊಳಗೆ ನುಗ್ಗುವ ಪರಿ, ಒಂದನ್ನೂ ಬಿಡಲಿಲ್ಲ.

ಮೇಲಿನ ಮನೆಯ ಅಜ್ಜ ಗುಟುಕ್ಕನೆ ಉಗುಳು ನುಂಗಿ, "ಯಾವತ್ತು ತೆರೀತಾರಂತೆ?" ಎಂದರು.

"ಅಕ್ಕಾ, ನೀವು ಯಾರ ಕಡೆ?" ಎಂದು ಟೈಲರ್ ತಲೆ ಚಚ್ಚಿಕೊಂಡಳು.

ಅಂಗಡಿಗೆ ಒಪ್ಪಿಗೆ ಸಿಕ್ಕಿತು. ಈಗ ಪುಸ್ತಕ ತೆರೆದು ಕೂತಿದ್ದೇನೆ. ಹೊಟ್ಟೆ ಚುರುಗುಟ್ಟುತ್ತಿದೆ. ಅಡುಗೆಮನೆಯಲ್ಲಿ ಒಂದೇ ಒಂದು ಈರುಳ್ಳಿಯಾದರೂ ಇದೆಯೇ ನೋಡಬೇಕು.